ಮನಸ್ಸು ಕುಗ್ಗಿಹೋದಾಗ ಪ್ರಾರ್ಥಿಸುವುದು ಹೇಗೆ? ಕ್ರೈಸ್ತ ವಿಶ್ವಾಸಿಗಳಿಗೆ ಒಂದು ಮಾರ್ಗದರ್ಶಿ

‘ಪ್ರಾರ್ಥನೆಗೆ ಕುಳಿತರೆ ಬಾಯಿಗೆ ಮಾತೇ ಬರುವುದಿಲ್ಲ.’ ‘ದೇವರ ಮೇಲೆಯೇ ಸಿಟ್ಟು ಬಂದಿದೆ, ಇಂಥ ಮನಸ್ಸಿಟ್ಟುಕೊಂಡು ಪ್ರಾರ್ಥಿಸಬಹುದೇ?’ ‘ವರ್ಷಗಟ್ಟಲೆ ಬೇಡಿಕೊಂಡೆ, ಏನೂ ಆಗಲಿಲ್ಲ. ನನ್ನ ವಿಶ್ವಾಸದಲ್ಲೇ ಕೊರತೆ ಇದೆಯೇ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳುವವರಲ್ಲಿ ಹೊಸ ವಿಶ್ವಾಸಿಗಳಿದ್ದಾರೆ, ಸಭೆಯಲ್ಲಿ ಹತ್ತಾರು ವರ್ಷ ಸೇವೆ ಮಾಡಿದವರೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಹತಾಶೆಯ ಹೊತ್ತಿನಲ್ಲಿ ಪ್ರಾರ್ಥನೆ ಇರುವುದು ದುಃಖವನ್ನು ಮುಚ್ಚಿಡುವುದಕ್ಕಲ್ಲ, ಅದನ್ನು ದೇವರ ಮುಂದೆ ಬಿಚ್ಚಿಡುವುದಕ್ಕೆ. ನಗುಮುಖ ಹೊತ್ತು, ಸ್ತುತಿಯ ಮಾತುಗಳನ್ನು ಬಲವಂತವಾಗಿ ಹೊರಡಿಸಿದರೆ ಮಾತ್ರ ದೇವರು ಕೇಳುತ್ತಾರೆ ಎಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿಬಿಟ್ಟಿದೆ. ಸತ್ಯವೇದದಲ್ಲಿ ಅದಕ್ಕೆ ಆಧಾರವಿಲ್ಲ. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳಾಟವೇ. ಅದು ಸಾಲದೆಂಬಂತೆ ಪ್ರಲಾಪಗಳು ಎಂಬ ಇಡೀ ಒಂದು ಗ್ರಂಥವೇ ಇದೆ. ಯೇಸು ಸ್ವಾಮಿಯೂ ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲನ್ನು: ‘ನನ್ನ ದೇವರೇ, ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ?’

ಎಲ್ಲಕ್ಕಿಂತ ಮೊದಲು ಒಂದು ಮಾತು

ಜೀವ ಕಳೆದುಕೊಳ್ಳಬೇಕು ಎಂಬ ಯೋಚನೆ ನಿಮಗೆ ಬರುತ್ತಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ. ನಿಮ್ಮ ಹತ್ತಿರದ ಒಬ್ಬರಿಗೆ ಈಗಲೇ ಕರೆ ಮಾಡಿ, ‘ನನ್ನ ಜೊತೆ ಇರು, ಒಬ್ಬನೇ ಇರಲು ಭಯವಾಗುತ್ತಿದೆ’ ಎಂದು ಸ್ಪಷ್ಟವಾಗಿ ಹೇಳಿ. ನೀವಿರುವ ದೇಶದ ತುರ್ತು ಸೇವೆ ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿಗೂ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ. ಅಪಾಯ ತರಬಲ್ಲ ವಸ್ತುಗಳು ಕೈಗೆ ಸಿಗದಂತೆ ನೋಡಿಕೊಳ್ಳಿ. ಇಂಥ ಯೋಚನೆ ಬಂದದ್ದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಮೋಶೆ, ಎಲೀಯ, ಯೋನ, ಈ ಮೂವರೂ ‘ನನ್ನ ಪ್ರಾಣ ತೆಗೆದುಬಿಡು’ ಎಂದು ದೇವರ ಮುಂದೆ ಬಾಯಿಬಿಟ್ಟು ಹೇಳಿದವರು. ದೇವರು ಅವರ ಪ್ರಾಣ ತೆಗೆಯಲಿಲ್ಲ, ಅವರನ್ನು ತಳ್ಳಿಬಿಡಲೂ ಇಲ್ಲ. ಆದರೆ ಒಬ್ಬರೇ ಕೋಣೆಯಲ್ಲಿ ಕುಳಿತು ಪ್ರಾರ್ಥನೆಯಿಂದಲೇ ಇದನ್ನು ಗೆದ್ದುಬಿಡುತ್ತೇನೆ ಎಂದು ಹೊರಡಬೇಡಿ.

ಏನೇನು ಬೇಕು?

ಹೆಚ್ಚೇನೂ ಬೇಡ. ಒಂದು ಸತ್ಯವೇದ, ಅದರಲ್ಲೂ ಕೀರ್ತನೆಗಳ ಭಾಗ. ಒಂದು ನೋಟ್‌ಬುಕ್, ಒಂದು ಪೆನ್ನು. ದಿನಕ್ಕೆ ಐದರಿಂದ ಹತ್ತು ನಿಮಿಷ. ನಂಬಿಕೆಗೆ ಅರ್ಹರಾದ ಒಬ್ಬ ವ್ಯಕ್ತಿ. ಗಟ್ಟಿಯಾದ ವಿಶ್ವಾಸ ಬೇಕು ಎಂದು ನಾನು ಇಲ್ಲಿ ಸೇರಿಸುತ್ತಿಲ್ಲ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆಯೊಬ್ಬ ‘ನಂಬುತ್ತೇನೆ, ನಂಬಲಾಗದ ನನಗೆ ಸಹಾಯಮಾಡು’ ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುತ್ತಾನೆ. ಅಷ್ಟಕ್ಕೇ ಅವನ ಮಗ ಗುಣವಾದ.

ಕೀರ್ತನೆಗಳ ಸಂಖ್ಯೆಯ ಬಗ್ಗೆ ಒಂದು ಸೂಚನೆ. ಕೆಲವು ಹಳೆಯ ಕಥೋಲಿಕ ಮತ್ತು ಆರ್ಥೊಡಾಕ್ಸ್ ಅನುವಾದಗಳಲ್ಲಿ 10ರಿಂದ ಮುಂದಿನ ಹೆಚ್ಚಿನ ಕೀರ್ತನೆಗಳ ಸಂಖ್ಯೆ ಒಂದು ಕಡಿಮೆ ಇರುತ್ತದೆ. ಇಲ್ಲಿ ನಾನು 88 ಎಂದದ್ದು ಅಲ್ಲಿ 87 ಆಗಿರಬಹುದು. ಗೊಂದಲವಾದರೆ ಪಕ್ಕದ ಕೀರ್ತನೆಯನ್ನೂ ನೋಡಿ.

1. ಮೊದಲು ಊಟ, ನಿದ್ದೆ

ಪ್ರಾರ್ಥನೆಯ ಲೇಖನದಲ್ಲಿ ಊಟದ ಮಾತು ಏಕೆ ಎನ್ನಬೇಡಿ. 1 ಅರಸುಗಳು 19ನೇ ಅಧ್ಯಾಯ ತೆಗೆದು ನೋಡಿ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಹೆದರಿ ಓಡುತ್ತಾನೆ. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು, ಮರುಭೂಮಿಯಲ್ಲಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಕುಳಿತು ‘ಸಾಕು, ನನ್ನ ಪ್ರಾಣ ತೆಗೆ’ ಎಂದು ಬೇಡಿ ಮಲಗಿಬಿಡುತ್ತಾನೆ. ಆಗ ಬಂದ ದೇವದೂತ ಉಪದೇಶ ಮಾಡುವುದಿಲ್ಲ. ಅವನನ್ನು ತಟ್ಟಿ ಎಬ್ಬಿಸಿ ‘ಎದ್ದು ಊಟ ಮಾಡು’ ಎನ್ನುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ಒಂದು ತಂಬಿಗೆ ನೀರು ಇರುತ್ತವೆ. ಎಲೀಯ ತಿಂದು, ಕುಡಿದು, ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲವೂ ಬಂದು ಅದನ್ನೇ ಹೇಳುತ್ತಾನೆ. ‘ಇಲ್ಲಿ ಏನು ಮಾಡುತ್ತಿದ್ದೀ?’ ಎಂಬ ಪ್ರಶ್ನೆ ಬರುವುದು ಆಮೇಲೆ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ.

ಆದ್ದರಿಂದ ಇಂದು ಊಟ ಮಾಡಿದ್ದೀರಾ? ನೀರು ಕುಡಿದಿದ್ದೀರಾ? ಸ್ನಾನ ಮಾಡಿದ್ದೀರಾ? ಇವುಗಳಲ್ಲಿ ಯಾವುದು ಆಗಿಲ್ಲವೋ ಅದನ್ನು ಮೊದಲು ಮಾಡಿ, ಆಮೇಲೆ ಕುಳಿತುಕೊಳ್ಳಿ.

*ಎಚ್ಚರ:* ಹಸಿವೇ ಆಗದೆ, ನಿದ್ದೆಯೇ ಬಾರದೆ ಒದ್ದಾಡುತ್ತಿರುವ ಹೊತ್ತಿನಲ್ಲಿ ಉಪವಾಸ ಪ್ರಾರ್ಥನೆಗಾಗಲಿ ರಾತ್ರಿಯಿಡೀ ಜಾಗರಣೆಗಾಗಲಿ ಕೈಹಾಕಬೇಡಿ. ಯಾರಾದರೂ ಒತ್ತಾಯಿಸಿದರೆ ‘ಈಗ ಆಗುವುದಿಲ್ಲ’ ಎನ್ನಿ. ಉಪವಾಸ ಒಳ್ಳೆಯ ಶಿಸ್ತು, ಆದರೆ ಅದು ಬಲವಿರುವ ದೇಹಕ್ಕೆ ಹೇಳಿದ್ದು.

2. ಇದ್ದದ್ದನ್ನು ಇದ್ದಂತೆ ಹೇಳಿ

ಇಲ್ಲಿ ಹೆಚ್ಚಿನವರು ಮುಗ್ಗರಿಸುತ್ತಾರೆ. ‘ಪರಿಶುದ್ಧನಾದ ದೇವರೇ, ನಿನಗೆ ಸ್ತೋತ್ರ’ ಎಂದು ಆರಂಭಿಸಿ ನಾಲ್ಕು ಸಾಲು ಹೇಳುವಷ್ಟರಲ್ಲಿ ಒಳಗಿನ ಮನಸ್ಸು ‘ಇದೆಲ್ಲ ಸುಳ್ಳು’ ಎನ್ನತೊಡಗುತ್ತದೆ, ಪ್ರಾರ್ಥನೆ ಅಲ್ಲಿಗೇ ನಿಲ್ಲುತ್ತದೆ. ಮನಸ್ಸಿನಲ್ಲಿ ನಿಜವಾಗಿ ಏನಿದೆಯೋ ಅದರಿಂದಲೇ ಆರಂಭಿಸಿ. ‘ದೇವರೇ, ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ.’ ‘ದೇವರೇ, ನೀನು ಇದ್ದೀಯೋ ಇಲ್ಲವೋ ಇವತ್ತು ನನಗೆ ಗೊತ್ತಾಗುತ್ತಿಲ್ಲ.’ ‘ದೇವರೇ, ಸಾಕಾಗಿದೆ.’ ಇವು ಮೂರೂ ಪ್ರಾರ್ಥನೆಗಳೇ, ಏಕೆಂದರೆ ಮೂರರಲ್ಲೂ ನೀವು ದೇವರ ಬಗ್ಗೆ ಮಾತಾಡುವುದನ್ನು ಬಿಟ್ಟು ದೇವರ ಜೊತೆಗೇ ಮಾತಾಡಿದ್ದೀರಿ.

ಹೀಗೆ ಮಾತಾಡಿದರೆ ದೇವದೂಷಣೆ ಆಗುವುದಿಲ್ಲವೇ ಎಂದು ಕೆಲವರು ಹೆದರುತ್ತಾರೆ. ಯೋಬನ ಗ್ರಂಥ ಓದಿದವರಿಗೆ ಆ ಹೆದರಿಕೆ ಇರಬಾರದು. ಯೋಬ ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರನ್ನೇ ವ್ಯಾಜ್ಯಕ್ಕೆ ಕರೆಯುತ್ತಾನೆ. ಅವನ ಸ್ನೇಹಿತರಾದರೋ ಉದ್ದಕ್ಕೂ ದೇವರ ಪರವಾಗಿ ವಾದಿಸುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರು ಗದರಿಸುವುದು ಸ್ನೇಹಿತರನ್ನು: ‘ನನ್ನ ದಾಸನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ’ ಎಂದು. ನೊಂದವನ ಒರಟು ಮಾತು ದೇವರಿಗೆ ಸಹ್ಯವಾಯಿತು, ನೋವೇ ಇಲ್ಲದವರ ಪಾಠ ಸಹ್ಯವಾಗಲಿಲ್ಲ.

ಹನ್ನಳ ಉದಾಹರಣೆಯೂ ಇದೆ. 1 ಸಮುವೇಲ 1ನೇ ಅಧ್ಯಾಯದಲ್ಲಿ ಆಕೆ ದೇವಾಲಯದಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಾ ಪ್ರಾರ್ಥಿಸುತ್ತಾಳೆ. ತುಟಿ ಅಲುಗುತ್ತದೆ, ಸ್ವರ ಹೊರಡುವುದಿಲ್ಲ. ಯಾಜಕನಾದ ಏಲಿಗೆ ಆಕೆ ಕುಡಿದಿದ್ದಾಳೆಂಬ ಅನುಮಾನ. ಆಕೆಯ ಉತ್ತರ: ‘ಮದ್ಯ ಕುಡಿದಿಲ್ಲ, ನನ್ನ ಮನೋವೇದನೆಯನ್ನು ದೇವರ ಮುಂದೆ ಹೊಯ್ದುಬಿಟ್ಟೆ.’ ನಿಮ್ಮ ಪ್ರಾರ್ಥನೆ ನೋಡುವವರಿಗೆ ಪ್ರಾರ್ಥನೆಯಂತೆ ಕಾಣದಿದ್ದರೂ ಚಿಂತೆ ಬೇಡ.

ಮನುಷ್ಯರ ಮೇಲಿನ ಸಿಟ್ಟಿಗೂ ಇದೇ ಮಾತು. ನಿಮಗೆ ದ್ರೋಹ ಮಾಡಿದವರ ಹೆಸರು ಹಿಡಿದು ದೇವರ ಮುಂದೆ ಹೇಳಿ. ಕೀರ್ತನೆಗಾರರು ಅದನ್ನೂ ಮಾಡಿದ್ದಾರೆ. ಸೇಡನ್ನು ದೇವರ ಕೈಗೆ ಒಪ್ಪಿಸಿದ ಮೇಲೆ ಅದನ್ನು ತೀರಿಸುವ ಹೊಣೆ ನಿಮ್ಮ ಹೆಗಲ ಮೇಲೆ ಇರುವುದಿಲ್ಲ.

3. ಮಾತು ಬಾರದಿದ್ದರೆ ಸಾಲ ತನ್ನಿ

ಸ್ವಂತ ಮಾತಿನಲ್ಲಿ ಪ್ರಾರ್ಥಿಸಿದರೆ ಮಾತ್ರ ಹೃದಯದಿಂದ ಬಂದದ್ದು ಎಂದು ಕೆಲವು ಸಭೆಗಳಲ್ಲಿ ಕಲಿಸುತ್ತಾರೆ. ನಾನು ಒಪ್ಪುವುದಿಲ್ಲ. ಶಿಲುಬೆಯ ಮೇಲಿದ್ದ ಕ್ರಿಸ್ತನೇ ದಾವೀದನ ಮಾತುಗಳನ್ನು ಎತ್ತಿಕೊಂಡ ಮೇಲೆ ನಮಗೆ ಸಂಕೋಚ ಏಕೆ? ಕೀರ್ತನೆಯೊಂದನ್ನು ತೆಗೆದು ನಿಧಾನವಾಗಿ, ಸಾಧ್ಯವಾದರೆ ಕಿವಿಗೆ ಕೇಳುವಂತೆ ಓದಿ. ಎಲ್ಲಿ ನಿಮ್ಮ ಕಥೆ ಸಿಕ್ಕಿತೋ ಅಲ್ಲಿ ನಿಂತು ಅದೇ ಸಾಲನ್ನು ಮತ್ತೆ ಓದಿ. ನಿಮಗೆ ಹೊಂದದ ಸಾಲುಗಳನ್ನು ದಾಟಿ ಮುಂದೆ ಹೋದರೂ ಸರಿ.

ಯಾವ ಸ್ಥಿತಿಗೆ ಯಾವುದು ಎಂದು ಹುಡುಕುವವರಿಗೆ:

- ದೇವರು ಮರೆತೇಬಿಟ್ಟರು ಎನಿಸಿದಾಗ: 13, 22
- ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ: 6, 77
- ಮಾಡಿದ ತಪ್ಪು ಎದೆ ಮೇಲೆ ಕುಳಿತಾಗ: 51, 130
- ಆಪ್ತರೇ ಬೆನ್ನಿಗೆ ಚೂರಿ ಹಾಕಿದಾಗ: 55
- ಕಾಯಿಲೆಯಲ್ಲಿ: 38, 41
- ವಯಸ್ಸಾಗಿ ಯಾರಿಗೂ ಬೇಡವಾದೆ ಎನಿಸಿದಾಗ: 71
- ಕಾರಣ ಹೇಳಲಾಗದ ಕುಗ್ಗುವಿಕೆಯಲ್ಲಿ: 42 ಮತ್ತು 43, ಎರಡನ್ನೂ ಸೇರಿಸಿ
- ಎಲ್ಲೂ ಬೆಳಕೇ ಇಲ್ಲದಾಗ: 88

ಈ 88ನೇ ಕೀರ್ತನೆಯ ಬಗ್ಗೆ ಬಿಡಿಸಿ ಹೇಳಬೇಕು. ಬೇರೆ ಗೋಳಿನ ಕೀರ್ತನೆಗಳು ಬಹುಮಟ್ಟಿಗೆ ಕೊನೆಯಲ್ಲಿ ಎಲ್ಲೋ ಒಂದು ಕಡೆ ಭರವಸೆಯತ್ತ ತಿರುಗುತ್ತವೆ. ಇದು ತಿರುಗುವುದಿಲ್ಲ. ಹದಿನೆಂಟು ವಚನಗಳು ಮುಗಿಯುವಾಗಲೂ ಸ್ನೇಹಿತರು ದೂರವೇ ಇದ್ದಾರೆ, ಉಳಿದಿರುವುದು ಕತ್ತಲೆ. ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ, ಕೊನೆಗೆ ಎರಡು ಸಮಾಧಾನದ ಸಾಲು ಸೇರಿಸಿ ಸರಿಪಡಿಸಲೂ ಇಲ್ಲ. ಆದರೆ ಮೊದಲ ವಚನವನ್ನು ಗಮನಿಸಿ: ಕೀರ್ತನೆಗಾರ ದೇವರನ್ನು ‘ನನ್ನನ್ನು ರಕ್ಷಿಸುವ ದೇವರೇ’ ಎಂದು ಕರೆದೇ ಗೋಳಿಡುತ್ತಾನೆ. ನಡುವೆ 13ನೇ ವಚನದಲ್ಲಿ, ಮುಂಜಾನೆಯೇ ನನ್ನ ಮೊರೆ ನಿನ್ನ ಮುಂದೆ ಬರುತ್ತದೆ ಎನ್ನುತ್ತಾನೆ. ಬೆಳಕು ಕಾಣದವನು ಮರುದಿನ ಬೆಳಿಗ್ಗೆಯೂ ಬಂದು ಅದೇ ಬಾಗಿಲು ತಟ್ಟುತ್ತಾನೆ. ನಿಮ್ಮ ಪ್ರಾರ್ಥನೆಯೂ ಯಾವ ಸಮಾಧಾನವೂ ಇಲ್ಲದೆ ಮುಗಿದರೆ, ಅದು ಕೆಟ್ಟ ಪ್ರಾರ್ಥನೆಯಾಯಿತು ಎಂದುಕೊಳ್ಳಬೇಡಿ.

*ಎಚ್ಚರ:* ಕಣ್ಣು ಮುಚ್ಚಿ ಸತ್ಯವೇದ ತೆರೆದು, ಬೆರಳಿಟ್ಟ ವಚನವೇ ನನಗೆ ಬಂದ ಉತ್ತರ ಎನ್ನುವ ಅಭ್ಯಾಸ ಈ ಹೊತ್ತಿನಲ್ಲಿ ಬೇಡ. ಕುಗ್ಗಿದ ಮನಸ್ಸು ಎಲ್ಲದರಲ್ಲೂ ತನ್ನ ಮೇಲಿನ ತೀರ್ಪನ್ನೇ ಓದಿಕೊಳ್ಳುತ್ತದೆ. ಗೊತ್ತುಮಾಡಿಕೊಂಡ ಕೀರ್ತನೆಯನ್ನೇ ಓದಿ.

4. ನಿಮ್ಮದೇ ಪ್ರಲಾಪ ಬರೆಯಿರಿ

ಪ್ರಲಾಪ ಎಂದರೆ ದೇವರ ಮುಂದೆ ಇಡುವ ಗೋಳು. ಬರೀ ಗೊಣಗಾಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇದನ್ನು ಕೇಳುವವರೊಬ್ಬರು ಇದ್ದಾರೆ. ಇದರ ಅತಿ ಚಿಕ್ಕ ಮಾದರಿ 13ನೇ ಕೀರ್ತನೆ. ಆರೇ ವಚನಗಳು, ಮೂರು ಭಾಗಗಳು.

ಮೊದಲ ಎರಡು ವಚನಗಳು ದೂರು. ‘ಎಷ್ಟರವರೆಗೆ?’ ಎಂಬ ಪ್ರಶ್ನೆ ಅಲ್ಲಿ ನಾಲ್ಕು ಸಲ ಬರುತ್ತದೆ. ಮೂರನೆಯ ಮತ್ತು ನಾಲ್ಕನೆಯ ವಚನಗಳು ಬೇಡಿಕೆ: ನನ್ನನ್ನು ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡು ನೆನಪು ಮತ್ತು ಭರವಸೆ: ನಿನ್ನ ಕೃಪೆಯನ್ನು ನಂಬಿದ್ದೇನೆ, ನೀನು ನನಗೆ ಉಪಕಾರ ಮಾಡಿದವನು.

ನೋಟ್‌ಬುಕ್ ತೆರೆದು ಇದೇ ಕ್ರಮದಲ್ಲಿ ಬರೆಯಿರಿ. ಕೆಲಸ ಕಳೆದುಕೊಂಡವರೊಬ್ಬರ ಪ್ರಲಾಪ ಹೀಗಿರಬಹುದು:

‘ದೇವರೇ, ಇನ್ನೂ ಎಷ್ಟು ದಿನ? ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ನೋಡುತ್ತೇನೆ, ಯಾವ ಕರೆಯೂ ಬಂದಿರುವುದಿಲ್ಲ. ಮಕ್ಕಳು ಏನಾದರೂ ಕೇಳಿದರೆ ಅವರ ಮೇಲೆ ರೇಗುತ್ತೇನೆ, ಆಮೇಲೆ ಬಚ್ಚಲುಮನೆಯಲ್ಲಿ ಅಳುತ್ತೇನೆ. ನೀನು ನೋಡುತ್ತಿದ್ದೀಯಾ? ನೋಡುತ್ತಿದ್ದರೆ ಸುಮ್ಮನಿರುವುದು ಏಕೆ? ನನಗೊಂದು ಕೆಲಸ ಕೊಡು. ಅದಕ್ಕೂ ಮುಂಚೆ, ಇವತ್ತು ಸಂಜೆ ಮಕ್ಕಳ ಜೊತೆ ಸಿಟ್ಟಿಲ್ಲದೆ ಕುಳಿತುಕೊಳ್ಳುವಷ್ಟು ಬಲ ಕೊಡು. ಹಿಂದೆ ಅಮ್ಮ ಆಸ್ಪತ್ರೆಯಲ್ಲಿದ್ದಾಗ ನೀನು ನಮ್ಮನ್ನು ನಡೆಸಿದೆ. ಅದನ್ನು ನಾನು ಮರೆತಿಲ್ಲ. ಇವತ್ತಿಗೆ ಇಷ್ಟೇ ಹೇಳಬಲ್ಲೆ. ಆಮೆನ್.’

ದೂರು ಹೇಳುವಾಗ ಬಿಡಿಬಿಡಿಯಾದ ಸಂಗತಿಗಳನ್ನೇ ಬರೆಯಿರಿ: ಕರೆ ಬಾರದ ಮೊಬೈಲ್, ಮಕ್ಕಳ ಮೇಲಿನ ರೇಗಾಟ. ‘ನನ್ನ ಬದುಕೇ ಹಾಳಾಯಿತು’ ಎಂಬ ದೊಡ್ಡ ಮಾತು ಮನಸ್ಸನ್ನು ಇನ್ನೂ ಕೆಳಗೆ ಎಳೆಯುತ್ತದೆ. ಬೇಡಿಕೆಯಲ್ಲಿ ದೊಡ್ಡದರ ಜೊತೆ ಇಂದಿನ ದಿನಕ್ಕೆ ಬೇಕಾದ ಒಂದು ಸಣ್ಣ ಸಂಗತಿಯನ್ನೂ ಕೇಳಿ. ಮೂರನೆಯ ಭಾಗ ಬರೆಯಲು ಕೈ ಬಾರದಿದ್ದರೆ ಬಿಟ್ಟುಬಿಡಿ. ಒಂದು ಖಾಲಿ ಸಾಲು ಬಿಟ್ಟು ದಿನಾಂಕ ಹಾಕಿ. ವಾರವೋ ತಿಂಗಳೋ ಕಳೆದ ಮೇಲೆ ಅಲ್ಲಿ ಬರೆಯಲು ಏನಾದರೂ ಸಿಗಬಹುದು. ಸುಳ್ಳು ಭರವಸೆಯನ್ನಂತೂ ತುಂಬಬೇಡಿ.

*ಎಚ್ಚರ:* ಹತಾಶೆಯಲ್ಲಿ ‘ಇದನ್ನು ಕೊಟ್ಟರೆ ಅದನ್ನು ಮಾಡುತ್ತೇನೆ’ ಎಂದು ಹರಕೆ ಹೊತ್ತುಕೊಳ್ಳುವ ಆಸೆ ಬರುತ್ತದೆ. ನ್ಯಾಯಸ್ಥಾಪಕರು 11ನೇ ಅಧ್ಯಾಯದಲ್ಲಿ ಯೆಪ್ತಾಹ ದುಡುಕಿ ಹೊತ್ತ ಹರಕೆಗೆ ಅವನ ಒಬ್ಬಳೇ ಮಗಳು ಬೆಲೆ ತೆತ್ತಳು. ಕೃಪೆ ಚೌಕಾಸಿಗೆ ಸಿಗುವ ವಸ್ತುವಲ್ಲ.

5. ಒಂದೇ ಸಾಲಿನ ಪ್ರಾರ್ಥನೆ

ಓದಲೂ ಆಗದ, ಬರೆಯಲೂ ಆಗದ ದಿನಗಳಿರುತ್ತವೆ. ಅಂಥ ದಿನಗಳಿಗೆ ಸಭೆಯ ಹಿರಿಯರು ಬಹಳ ಹಿಂದೆಯೇ ದಾರಿ ಕಂಡುಕೊಂಡಿದ್ದರು. ಐದನೇ ಶತಮಾನದ ಆರಂಭದಲ್ಲಿ ಬರೆದ ಸನ್ಯಾಸಿ ಜಾನ್ ಕಾಸಿಯನ್, 70ನೇ ಕೀರ್ತನೆಯ ಮೊದಲ ವಚನವೊಂದನ್ನೇ ಎಲ್ಲ ಸ್ಥಿತಿಗಳಲ್ಲೂ ಹಿಡಿದುಕೊಳ್ಳಿ ಎಂದ. ಅದರ ಭಾವ: ‘ದೇವರೇ, ನನ್ನ ಸಹಾಯಕ್ಕೆ ಬಾ. ಕರ್ತನೇ, ಬೇಗ ಬಾ.’ ಪಶ್ಚಿಮದ ಮಠಗಳ ದಿನನಿತ್ಯದ ಪ್ರಾರ್ಥನಾ ಗಳಿಗೆಗಳು ಇಂದಿಗೂ ಆರಂಭವಾಗುವುದು ಆ ಮಾತಿನಿಂದಲೇ. ಪೂರ್ವದ ಸಭೆಗಳಲ್ಲಿ ‘ಯೇಸು ಪ್ರಾರ್ಥನೆ’ ಬೆಳೆಯಿತು: ‘ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು.’ ಲೂಕನ ಸುವಾರ್ತೆಯ 18ನೇ ಅಧ್ಯಾಯದ ಸುಂಕದವನ ಮೊರೆ ಮತ್ತು ಕುರುಡನ ಕೂಗು ಎರಡೂ ಅದರಲ್ಲಿ ಸೇರಿವೆ.

ಮಾಡುವ ಬಗೆ ಸುಲಭ. ನೆಟ್ಟಗೆ ಕುಳಿತುಕೊಳ್ಳಿ, ಆಗದಿದ್ದರೆ ಮಲಗಿಯೇ ಇರಿ. ಉಸಿರು ಒಳಗೆಳೆಯುವಾಗ ಮೊದಲರ್ಧ, ಬಿಡುವಾಗ ಉಳಿದರ್ಧ. ಮನಸ್ಸು ಎಲ್ಲಿಗೋ ಹೋದರೆ ಬೈದುಕೊಳ್ಳದೆ ಸಾಲಿಗೆ ಮರಳಿ. ಕಥೋಲಿಕರಿಗೆ ಜಪಸರ ಕೈಯಲ್ಲಿದ್ದರೆ ಬೆರಳಿಗೂ ಕೆಲಸ ಸಿಗುತ್ತದೆ.

ವ್ಯರ್ಥವಾಗಿ ಹೇಳಿದ್ದನ್ನೇ ಹೇಳಬೇಡಿ ಎಂದು ಯೇಸು ಹೇಳಿಲ್ಲವೇ ಎಂದು ಕೇಳುವವರಿದ್ದಾರೆ. ಮತ್ತಾಯ 6ರಲ್ಲಿ ಅವರು ತಡೆದದ್ದು ಮಾತು ಹೆಚ್ಚಾದಷ್ಟೂ ದೇವರು ಒಲಿಯುತ್ತಾರೆಂಬ ಲೆಕ್ಕಾಚಾರವನ್ನು. ಅದೇ ಸುವಾರ್ತೆಯ 26ನೇ ಅಧ್ಯಾಯದಲ್ಲಿ, ಗೆತ್ಸೇಮನೆ ತೋಟದಲ್ಲಿ, ಅವರೇ ಮೂರನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದರು.

ಒಂದು ಸಾಲೂ ಬಾರದಿದ್ದರೆ? ಸುಮ್ಮನೆ ಕುಳಿತಿರಿ, ಅಳು ಬಂದರೆ ಅಳಿ. ನಾವು ಹೇಗೆ ಪ್ರಾರ್ಥಿಸಬೇಕೋ ತಿಳಿಯದಿರುವಾಗ ಪವಿತ್ರಾತ್ಮರೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾರೆಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಹೇಳುತ್ತದೆ.

6. ಹೊತ್ತು ಗೊತ್ತುಮಾಡಿ, ಚಿಕ್ಕದಾಗಿಡಿ

ಮನಸ್ಸು ಬಂದಾಗ ಪ್ರಾರ್ಥಿಸುತ್ತೇನೆ ಎಂದರೆ ಈ ಸ್ಥಿತಿಯಲ್ಲಿ ಮನಸ್ಸು ಬರುವುದೇ ಇಲ್ಲ. ಬೆಳಿಗ್ಗೆ ಐದು ನಿಮಿಷ, ಮಲಗುವ ಮುಂಚೆ ಐದು ನಿಮಿಷ, ಒಂದೇ ಜಾಗ. ಬೆಳಿಗ್ಗೆ ಒಂದು ಕೀರ್ತನೆ, ರಾತ್ರಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಷ್ಟೇ ಆದರೂ ಸಾಕು. ಒಂದು ದಿನ ತಪ್ಪಿದರೆ ಮರುದಿನ ಎರಡುಪಟ್ಟು ಮಾಡಿ ತೀರಿಸಲು ಹೋಗಬೇಡಿ.

7. ಇನ್ನೊಬ್ಬರ ವಿಶ್ವಾಸಕ್ಕೆ ಒರಗಿಕೊಳ್ಳಿ

ಮಧ್ಯಸ್ಥಿಕೆ ಪ್ರಾರ್ಥನೆ ಎಂದರೆ ಒಬ್ಬರಿಗಾಗಿ ಇನ್ನೊಬ್ಬರು ದೇವರಲ್ಲಿ ಬೇಡುವುದು. ಮಾರ್ಕ 2ನೇ ಅಧ್ಯಾಯದಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆ ಕಿತ್ತು ಕೆಳಗಿಳಿಸುತ್ತಾರೆ. ಯೇಸು ‘ಅವರ ನಂಬಿಕೆಯನ್ನು’ ನೋಡಿದರು ಎಂದು ಬರೆದಿದೆ. ಮಲಗಿದ್ದವನು ಒಂದು ಮಾತೂ ಆಡಿದಂತಿಲ್ಲ. ಗೆತ್ಸೇಮನೆಯಲ್ಲಿ ಯೇಸು ಕೂಡ ‘ನನ್ನ ಪ್ರಾಣವು ಸಾಯುವಷ್ಟು ದುಃಖಕ್ಕೊಳಗಾಗಿದೆ’ ಎಂದು ಹೇಳಿ, ಮೂವರು ಶಿಷ್ಯರನ್ನು ಜೊತೆಗಿರಲು ಕೇಳಿಕೊಂಡರು. ಅವರು ನಿದ್ದೆಹೋದರು ಎಂಬುದು ಬೇರೆ ಮಾತು. ಕೇಳಿಕೊಳ್ಳುವುದು ದೇವಕುಮಾರನಿಗೇ ಅವಮಾನವಾಗಲಿಲ್ಲ ಎಂದಮೇಲೆ ನೀವೂ ಕೇಳಬಹುದು.

ಹೇಗೆ ಕೇಳಬೇಕು ಎಂದು ತಿಳಿಯದಿದ್ದರೆ ಈ ಸಂದೇಶವನ್ನೇ ಕಳುಹಿಸಿ: ‘ನನಗೆ ಈಗ ಪ್ರಾರ್ಥಿಸಲು ಆಗುತ್ತಿಲ್ಲ. ಈ ವಾರ ನನಗಾಗಿ ದಿನವೂ ಪ್ರಾರ್ಥಿಸುತ್ತೀರಾ? ಸಲಹೆ ಬೇಡ, ಪ್ರಾರ್ಥಿಸಿದರೆ ಸಾಕು.’ ಪಾಸ್ಟರ್ ಅಥವಾ ಗುರುಗಳು, ಗುಟ್ಟು ಕಾಪಾಡಬಲ್ಲ ಹಿರಿಯ ವಿಶ್ವಾಸಿ, ಯಾರಾದರೂ ಆಗಬಹುದು. ಒಬ್ಬರು ಸಾಕು. ಇಡೀ ಸಭೆಯ ಮುಂದೆ ಎದ್ದು ನಿಂತು ಹೇಳಿಕೊಳ್ಳಬೇಕೆಂದಿಲ್ಲ.

ಭಾನುವಾರದ ಆರಾಧನೆಗೆ ಹೋಗಲು ಮನಸ್ಸಿಲ್ಲದಿದ್ದರೂ, ಸಾಧ್ಯವಾದರೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಹಾಡಲಾಗದಿದ್ದರೆ ಬೇಡ, ಸುತ್ತಲಿನವರು ಹಾಡುವುದನ್ನು ಕೇಳಿದರೆ ಸಾಕು.

*ಎಚ್ಚರ:* ಕಾಣಿಕೆ ಕಳುಹಿಸಿದರೆ ವಿಶೇಷ ಪ್ರಾರ್ಥನೆ ಮಾಡುತ್ತೇವೆ, ಬಿಡುಗಡೆ ಖಚಿತ ಎನ್ನುವವರಿಂದ ದೂರವಿರಿ. ನಿಮ್ಮ ಕಷ್ಟಕ್ಕೆ ಯಾವುದೋ ಗುಪ್ತ ಪಾಪ ಕಾರಣವೆಂದು ಪಟ್ಟುಹಿಡಿಯುವವರಿಂದಲೂ. ಹುಟ್ಟುಕುರುಡನನ್ನು ಕಂಡು ಯಾರ ಪಾಪ ಎಂದು ಕೇಳಿದ ಶಿಷ್ಯರಿಗೆ ಯೇಸು ಕೊಟ್ಟ ಉತ್ತರ ಯೋಹಾನ 9ರಲ್ಲಿದೆ: ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ.

8. ವೈದ್ಯರನ್ನು ಕಾಣುವುದೂ ಪ್ರಾರ್ಥನೆಯ ಜೊತೆಗೇ ನಡೆಯಲಿ

ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮಂಕು ಕವಿದಿದ್ದರೆ, ಮೊದಲು ಇಷ್ಟವಾಗಿದ್ದ ಯಾವುದೂ ರುಚಿಸದಿದ್ದರೆ, ನಿದ್ದೆ ಮತ್ತು ಹಸಿವು ಏರುಪೇರಾಗಿದ್ದರೆ, ನಾನು ಯಾವುದಕ್ಕೂ ಬಾರದವನು ಎಂಬ ಭಾವನೆ ಬಿಡದಿದ್ದರೆ ಅದು ಖಿನ್ನತೆ ಎಂಬ ಕಾಯಿಲೆಯಾಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.

ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಡಿಮೆಯಾಯಿತು ಎಂದು ಹೇಳುವವರ ಮಾತಿಗೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪೌಲನ ಜೊತೆಗಾರ ಲೂಕ ವೈದ್ಯ. ತಿಮೊಥೆಯನ ಹೊಟ್ಟೆನೋವಿಗೆ ಪೌಲ ಸ್ವಲ್ಪ ದ್ರಾಕ್ಷಾರಸ ಕುಡಿಯಲು ಹೇಳುತ್ತಾನೆ. ವೈದ್ಯರು ಬರೆದುಕೊಟ್ಟ ಔಷಧಿಯನ್ನು ‘ಪ್ರಾರ್ಥನೆಯಿಂದ ಗುಣವಾಯಿತು’ ಎಂದುಕೊಂಡು ನೀವೇ ನಿಲ್ಲಿಸಬೇಡಿ. ಗುಣವಾಗಿದ್ದರೆ ವೈದ್ಯರೇ ಅದನ್ನು ನೋಡಿ ಹಂತ ಹಂತವಾಗಿ ಕಡಿಮೆ ಮಾಡಲಿ.

9. ಉತ್ತರ ಬಾರದಿದ್ದಾಗ

ಇದು ಎಲ್ಲಕ್ಕಿಂತ ಕಷ್ಟದ ಹಂತ. ಇದಕ್ಕೆ ನನ್ನ ಬಳಿ ಜಾಣ ವಿವರಣೆಯಿಲ್ಲ. ಹೇಳಬಲ್ಲೆನಾದರೆ ಇಷ್ಟು: ಕೇಳಿದ್ದು ಸಿಗದವರ ಸಾಲಿನಲ್ಲಿ ನಿಮ್ಮ ಮುಂದೆ ನಿಂತವರು ಸಾಮಾನ್ಯರಲ್ಲ. ‘ಈ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ’ ಎಂದು ಯೇಸು ಬೇಡಿದರು, ಅದು ಹೋಗಲಿಲ್ಲ. ಲೂಕನ ಪ್ರಕಾರ ಒಬ್ಬ ದೂತ ಬಂದು ಅವರನ್ನು ಬಲಪಡಿಸಿದ, ಆಮೇಲೆಯೂ ಅವರ ವೇದನೆ ಮುಂದುವರಿಯಿತು. ಪೌಲ ತನ್ನ ಶರೀರದ ಮುಳ್ಳನ್ನು ತೆಗೆಯುವಂತೆ ಮೂರು ಸಲ ಬೇಡಿದ. ಮುಳ್ಳು ಉಳಿಯಿತು, ಬಂದದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಮಾತು. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ ಎಂಬುದು ತಿಳಿದುಬಂತು. ಅಷ್ಟೂ ಕಾಲ ಅವರು ಪ್ರಾರ್ಥನೆಯನ್ನೂ ಬಿಟ್ಟಿರಲಿಲ್ಲ, ಬಡವರ ಸೇವೆಯನ್ನೂ ಬಿಟ್ಟಿರಲಿಲ್ಲ.

ಪ್ರಾರ್ಥನೆಯಲ್ಲಿ ಯಾವ ಸಾಂತ್ವನವೂ ಸಿಗದ ಈ ಸ್ಥಿತಿಯನ್ನು ಆತ್ಮಿಕ ಶುಷ್ಕತೆ ಎನ್ನುತ್ತಾರೆ. 16ನೇ ಶತಮಾನದ ಕಥೋಲಿಕ ಸಂತ, ಲೊಯೋಲದ ಇಗ್ನೇಷಿಯಸ್ ಇದಕ್ಕೊಂದು ನಿಯಮ ಕೊಟ್ಟಿದ್ದಾನೆ: ಇಂಥ ಕಾಲದಲ್ಲಿ ಹಿಂದೆ ಮಾಡಿದ ನಿರ್ಧಾರವನ್ನು ಬದಲಾಯಿಸಬೇಡ. ನೀವೂ ಇದನ್ನು ಬರೆದಿಟ್ಟುಕೊಳ್ಳಿ. ಮದುವೆ ಮುರಿಯುವುದು, ಸಭೆ ಬಿಡುವುದು, ಸೇವೆಗೆ ರಾಜೀನಾಮೆ ಕೊಡುವುದು, ಇವೆಲ್ಲ ಮನಸ್ಸು ತಿಳಿಯಾದ ಮೇಲೆ ಯೋಚಿಸುವ ಸಂಗತಿಗಳು. ನಿಮಗೆ ಯಾರಿಂದಾದರೂ ಹಿಂಸೆ ಆಗುತ್ತಿದ್ದರೆ ಮಾತ್ರ ಈ ನಿಯಮ ಅನ್ವಯಿಸದು. ಆಗ ಕೂಡಲೇ ಅಲ್ಲಿಂದ ಹೊರಟು ಸುರಕ್ಷಿತ ಜಾಗ ಸೇರಿಕೊಳ್ಳಿ. ಶುಷ್ಕತೆಯಲ್ಲಿ ಪ್ರಾರ್ಥನೆಯ ಹೊತ್ತನ್ನು ಇನ್ನಷ್ಟು ಹೆಚ್ಚಿಸು ಎಂದೂ ಇಗ್ನೇಷಿಯಸ್ ಹೇಳುತ್ತಾನೆ. ಅದು ಬಲವಿರುವವರಿಗೆ ಸರಿ. ಖಿನ್ನತೆಯಿಂದ ನರಳುತ್ತಿರುವವರು ಆರನೆಯ ಹಂತದ ಐದು ನಿಮಿಷವನ್ನೇ ಉಳಿಸಿಕೊಂಡರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಜೊತೆಗಿರುವವರಿಗೆ

ಮನೆಯಲ್ಲೋ ಸಭೆಯಲ್ಲೋ ಒಬ್ಬರು ಹೀಗೆ ಕುಗ್ಗಿದ್ದಾರೆ, ಏನು ಮಾಡಲಿ ಎಂದು ಕೇಳುವವರೂ ಬಹಳ ಮಂದಿ. ಯೋಬನ ಸ್ನೇಹಿತರು ಬಂದ ಹೊಸದರಲ್ಲಿ ಏಳು ಹಗಲು, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಒಂದು ಮಾತೂ ಆಡದೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದು, ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ‘ಎಲ್ಲವೂ ದೇವರ ಚಿತ್ತ’, ‘ಇನ್ನೂ ವಿಶ್ವಾಸ ಬೇಕು’, ‘ನಿನಗಿಂತ ಕಷ್ಟದಲ್ಲಿರುವವರನ್ನು ನೋಡು’ ಎಂಬ ಮಾತುಗಳನ್ನು ಬಿಟ್ಟುಬಿಡಿ. ‘ಊಟ ಆಯಿತೇ?’ ಎಂದು ಕೇಳಿ, ಆಗಿಲ್ಲದಿದ್ದರೆ ತಂದುಕೊಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಅವರಿಗೆ ದಾರಿಯಾಗುತ್ತದೆ. ‘ಹೌದು’ ಎಂದರೆ ಅವರನ್ನು ಒಬ್ಬರೇ ಬಿಡದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.

ಅವರ ಜೊತೆ ಪ್ರಾರ್ಥಿಸುವುದಾದರೆ ಮೊದಲು ಅನುಮತಿ ಕೇಳಿ, ಎರಡು ನಿಮಿಷಕ್ಕಿಂತ ಉದ್ದ ಬೇಡ. ಅವರು ಹೇಳಿದ ನೋವನ್ನೇ ಅವರ ಮಾತಿನಲ್ಲೇ ದೇವರಿಗೆ ಹೇಳಿ, ಪ್ರಾರ್ಥನೆಯ ನೆಪದಲ್ಲಿ ಉಪದೇಶ ಸೇರಿಸಬೇಡಿ. ಹೊರಡುವಾಗ ಮುಂದಿನ ಸಲ ಯಾವ ದಿನ ಬರುತ್ತೀರಿ ಎಂದು ತಿಳಿಸಿ, ಆ ದಿನ ತಪ್ಪದೆ ಹೋಗಿ.